ಎರಡನೇ ಬಸಿರು: ವಿಶ್ರಾಂತಿಯ ಚೀಟಿ ಯಾರ ಹೆಸರಿಗೆ?

ಆಕೆಗೆ ಇಪ್ಪತ್ತಾರು ವರ್ಷ. ಏಳು ತಿಂಗಳ ಬಸುರಿ. ಕಂಕುಳಲ್ಲಿ ಒಂದೂಮುಕ್ಕಾಲು ವರ್ಷದ ಮಗ. ತಪಾಸಣೆಗೆಂದು ಕುಳಿತರೆ ಮಗು ನನ್ನ ಮೇಜಿನ ಮೇಲಿದ್ದ ಸ್ಟೆತೊಸ್ಕೋಪ್ ಎಳೆಯುತ್ತದೆ. ಬಿಡಿಸಿದರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಆಕೆ ಬಗ್ಗಿ ಎತ್ತಿಕೊಳ್ಳುತ್ತಾಳೆ, ಇಳಿಸುತ್ತಾಳೆ, ಮತ್ತೆ ಎತ್ತಿಕೊಳ್ಳುತ್ತಾಳೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಗ್ರಾಂ ಮಾತ್ರ. ಹೋದ ತಿಂಗಳಿಗೂ ಈ ತಿಂಗಳಿಗೂ ತೂಕ ಒಂದು ಚೂರೂ ಏರಿಲ್ಲ.

"ಮಧ್ಯಾಹ್ನ ಎರಡು ಗಂಟೆ ಮಲಗಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಭಾರ ಎತ್ತಬೇಡಿ" ಎಂದೆ. ಎಲ್ಲ ಗರ್ಭಿಣಿಯರಿಗೂ ನಾನು ಹೇಳುವ ಮಾತು ಅದು. ಆಕೆ ನಕ್ಕಳು. "ಮಲಗ್ತೀನಿ ಡಾಕ್ಟ್ರೇ, ಇವನನ್ನ ಯಾರು ನೋಡ್ಕೋತಾರೆ?"

ಆ ಪ್ರಶ್ನೆಗೆ ನನ್ನ ಔಷಧಿ ಚೀಟಿಯಲ್ಲಿ ಉತ್ತರವಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆಕೆಯ ಗಂಡನನ್ನು ಒಳಗೆ ಕರೆದೆ. ಮಗುವನ್ನು ಆತನ ತೊಡೆಯ ಮೇಲೆ ಕೂರಿಸಿ, ಅದೇ ಸಲಹೆಯನ್ನು ಆತನಿಗೆ ಹೇಳಿದೆ. ಇಂದು ನಿಮಗೂ ಅದನ್ನೇ ಹೇಳಬೇಕೆಂದಿದ್ದೇನೆ. ಮನೆಯಲ್ಲಿ ಎಳೆಯ ಮಗುವಿರುವಾಗ ಗರ್ಭಿಣಿ ತಾನಾಗಿಯೇ ವಿಶ್ರಾಂತಿ ಪಡೆಯಲಾರಳು. ಅದನ್ನು ಮನೆಯವರು ಆಕೆಗೆ ಮಾಡಿಕೊಡಬೇಕು. ಆದ್ದರಿಂದ ವಿಶ್ರಾಂತಿಯ ಚೀಟಿಯನ್ನು ಗಂಡನ ಹೆಸರಿಗೇ ಬರೆಯಬೇಕು.

"ಗೊತ್ತಿರುವುದೇ ತಾನೆ?"

ಚೊಚ್ಚಲ ಬಸಿರೆಂದರೆ ನಮ್ಮ ಮನೆಗಳಲ್ಲಿ ಸಂಭ್ರಮ. ಬಯಕೆ ಏನೆಂದು ಕೇಳುವವರು, ಹಸಿರು ಬಳೆ ತೊಡಿಸುವವರು, ಸೀಮಂತ ಮಾಡುವವರು, ಹೆರಿಗೆಗೆ ತವರಿಗೆ ಕರೆದೊಯ್ಯುವವರು. ಎರಡನೆಯದರ ಹೊತ್ತಿಗೆ ಇವರೆಲ್ಲ ಹಿಂದೆ ಸರಿದಿರುತ್ತಾರೆ. ಎಷ್ಟೋ ಕಡೆ ಎರಡನೇ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕೆಂಬ ರೂಢಿಯಿದೆ. "ಒಂದು ಹೆತ್ತವಳಲ್ಲವೇ, ಎಲ್ಲಾ ಗೊತ್ತಿದೆ" ಎಂದು ಅತ್ತೆ ಹೇಳುತ್ತಾರೆ. ಆಕೆಯೂ ಹಾಗೆಯೇ ನಂಬಿ, ಮೊದಲ ತಪಾಸಣೆಗೆ ಬರುವುದೇ ಐದನೇ ತಿಂಗಳಿಗೆ.

ಮನಸ್ಸಿಗೆ ಗೊತ್ತಿರಬಹುದು. ಆದರೆ ದೇಹದ ಉಗ್ರಾಣ ಬರಿದಾಗಿರುತ್ತದೆ. ಮೊದಲ ಬಸಿರು, ಹೆರಿಗೆಯಲ್ಲಿ ಹೋದ ರಕ್ತ, ನಂತರ ಹಾಲೂಡಿಸುವುದು, ಇವೆಲ್ಲ ಕೂಡಿಟ್ಟಿದ್ದ ಕಬ್ಬಿಣಾಂಶವನ್ನು ಖಾಲಿ ಮಾಡಿರುತ್ತವೆ. ಅದು ಮತ್ತೆ ತುಂಬಲು ಕಾಲ ಬೇಕು. ಹೆರಿಗೆಯಾದ ಮೇಲೆ ಕನಿಷ್ಠ 24 ತಿಂಗಳು ಕಳೆದ ನಂತರವೇ ಮತ್ತೊಂದು ಗರ್ಭಕ್ಕೆ ಪ್ರಯತ್ನಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಅಂತರ ತೀರ ಕಡಿಮೆಯಾದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಇತ್ತು.

"ಹಾಲು ಕುಡಿಸುವಾಗ ಬಸಿರು ನಿಲ್ಲುವುದಿಲ್ಲ" ಎಂಬ ನಂಬಿಕೆಯಿಂದ ಮೋಸಹೋದವರೂ ಬಹಳ. ಈ ರಕ್ಷಣೆ ನೆಚ್ಚುವಂತಿರುವುದು ಮೊದಲ ಆರು ತಿಂಗಳು ಮಾತ್ರ. ಅದೂ ಮಗುವಿಗೆ ಹಗಲು ರಾತ್ರಿ ಎದೆಹಾಲನ್ನಷ್ಟೇ ಕೊಡುತ್ತಿದ್ದು, ಮುಟ್ಟು ಇನ್ನೂ ಆರಂಭವಾಗಿರದಿದ್ದರೆ.

ಅಂತರ ಕಡಿಮೆಯಾಯಿತೆಂದು ಗಾಬರಿ ಬೇಡ, ಎಚ್ಚರಿಕೆ ಇರಲಿ. ಮೊದಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಮೊದಲ ಸಲ ರಕ್ತದೊತ್ತಡ, ಸಿಹಿಮೂತ್ರ, ಅಕಾಲ ಹೆರಿಗೆ, ಸಿಸೇರಿಯನ್ ಆಗಿದ್ದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಬೇಕು. ರಕ್ತ ಕಡಿಮೆಯಿದ್ದರೆ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ಮಾತ್ರೆಯನ್ನು ಕಾಫಿ, ಟೀ ಜತೆ ನುಂಗಬೇಡಿ. ನಿಂಬೆಹಣ್ಣಿನ ಪಾನಕದೊಡನೆ ಆಗಬಹುದು.

ತಟ್ಟೆಯಲ್ಲಿ ಉಳಿದದ್ದು

ನಿನ್ನೆ ಮಧ್ಯಾಹ್ನ ಏನು ಊಟ ಮಾಡಿದಿರಿ ಎಂದು ಇಂಥ ತಾಯಂದಿರನ್ನು ಕೇಳಿ ನೋಡಿ. ಹಲವರ ಉತ್ತರ ಒಂದೇ: ಮಗು ತಿಂದು ಬಿಟ್ಟದ್ದು. ಮಗುವಿಗೆ ಉಣಿಸಲು ಒಂದು ಗಂಟೆ. ಅಷ್ಟರಲ್ಲಿ ಹಸಿವು ಸತ್ತಿರುತ್ತದೆ. ತಟ್ಟೆಯಲ್ಲಿ ಉಳಿದ ಎರಡು ತುತ್ತು ಮೊಸರನ್ನವೇ ಊಟವೆನಿಸಿಕೊಳ್ಳುತ್ತದೆ.

ಇದರಿಂದ ಎರಡು ಕೇಡು. ಹೊಟ್ಟೆಯಲ್ಲಿರುವ ಮಗುವಿಗೆ ಸಾಕಷ್ಟು ಪೋಷಣೆಯಿಲ್ಲ. ಜತೆಗೆ ಸೈಟೊಮೆಗಾಲೊ ಎಂಬ ವೈರಸ್ ಎಳೆಯ ಮಕ್ಕಳ ಜೊಲ್ಲು, ಮೂತ್ರಗಳ ಮೂಲಕ ಹರಡುತ್ತದೆ. ಮಗುವಿನಲ್ಲಿ ಯಾವ ಲಕ್ಷಣವೂ ಕಾಣದಿರಬಹುದು. ಗರ್ಭಿಣಿಗೆ ತಗುಲಿದರೆ ಕೆಲವೊಮ್ಮೆ ಭ್ರೂಣಕ್ಕೆ ತೊಂದರೆಯಾಗುತ್ತದೆ. ಎಂಜಲು ತಿನ್ನಬೇಡಿ, ಒಂದೇ ಚಮಚ ಬಳಸಬೇಡಿ. ಮಗುವಿನ ಮೂಗು, ತಿಕ ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಿಮ್ಮ ತಟ್ಟೆಗೆ ಮೊದಲೇ ಬಡಿಸಿಕೊಂಡು ಮಗುವಿನ ಜತೆಯಲ್ಲೇ ಊಟ ಮುಗಿಸಿ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಅಂಗನವಾಡಿಗಳಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟವಿದೆ. ಅದು ಎರಡನೇ ಬಸಿರಿಗೂ ಉಂಟು. ಸಂಕೋಚ ಬೇಡ.

ಎದೆಹಾಲು ಬಿಡಿಸಬೇಕೆ?

"ಬಸುರಿಯ ಹಾಲು ಕೆಟ್ಟದ್ದು, ಮಗುವಿಗೆ ಭೇದಿಯಾಗುತ್ತದೆ" ಎಂದು ಬೇವಿನ ರಸ ಹಚ್ಚಿ ಒಂದೇ ದಿನಕ್ಕೆ ಹಾಲು ಬಿಡಿಸುತ್ತಾರೆ. ಅಥವಾ ಮಗುವನ್ನು ಅಜ್ಜಿಯ ಊರಿಗೆ ಕಳಿಸಿಬಿಡುತ್ತಾರೆ. ಬಸುರಿಯ ಹಾಲು ಕೆಟ್ಟ ಹಾಲಲ್ಲ. ತಿಂಗಳು ಕಳೆದಂತೆ ಅದರ ಪ್ರಮಾಣ ಕಡಿಮೆಯಾಗುತ್ತದೆ, ರುಚಿ ಬದಲಾಗುತ್ತದೆ. ಎಷ್ಟೋ ಮಕ್ಕಳು ತಾವಾಗಿಯೇ ಬಿಡುತ್ತವೆ. ಬಸಿರು ಸಹಜವಾಗಿ ಸಾಗುತ್ತಿದ್ದು, ತಾಯಿ ಚೆನ್ನಾಗಿ ಉಣ್ಣುತ್ತಿದ್ದರೆ ಹಾಲೂಡಿಸುವುದನ್ನು ಮುಂದುವರಿಸಬಹುದು. ರಕ್ತಸ್ರಾವ, ಅವಧಿಗೆ ಮುನ್ನ ನೋವು, ಹಿಂದೆ ಅಕಾಲ ಹೆರಿಗೆ ಆಗಿದ್ದರೆ ವೈದ್ಯರನ್ನು ಕೇಳಿ. ಬಿಡಿಸಲೇಬೇಕೆಂದಿದ್ದರೆ ದಿನಕ್ಕೊಂದು ಸರದಿಯಂತೆ ನಿಧಾನವಾಗಿ ಕಡಿಮೆ ಮಾಡಿ. ಕೂಸು ಹುಟ್ಟುವ ವಾರದಲ್ಲಂತೂ ಬೇಡ.

ಎತ್ತಿಕೊಳ್ಳುವ ಪ್ರಶ್ನೆಯೂ ಹೀಗೆಯೇ. ಎರಡು ವರ್ಷದ ಮಗು ಹತ್ತು ಹನ್ನೊಂದು ಕಿಲೋ ತೂಗುತ್ತದೆ. ಆಗೊಮ್ಮೆ ಈಗೊಮ್ಮೆ ಎತ್ತಿಕೊಂಡರೆ ಆರೋಗ್ಯವಂತ ಗರ್ಭಿಣಿಗೆ ಅಪಾಯವಿಲ್ಲ. ಸೊಂಟ ಬಗ್ಗಿಸದೆ, ಮಂಡಿ ಮಡಿಸಿ ಕುಳಿತು ಎತ್ತಬೇಕು. ಅದಕ್ಕಿಂತ ಒಳ್ಳೆಯದು, ನೀವು ಕೆಳಗೆ ಕುಳಿತು ಮಗುವನ್ನೇ ಪಕ್ಕಕ್ಕೆ ಕರೆಯುವುದು. ರಕ್ತಸ್ರಾವವಿದ್ದರೆ, ಮಾಸು ಕೆಳಗಿದೆ ಎಂದು ಹೇಳಿದ್ದರೆ ಎತ್ತಲೇಬೇಡಿ.

ಕೆಂಪು ಮಾತ್ರೆಯ ಅಪಾಯ

ಬಹಳ ಮನೆಗಳಲ್ಲಿ ಯಾರೂ ಯೋಚಿಸದ ವಿಷಯವಿದು. ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಕೆಂಪಗೆ, ಸಕ್ಕರೆ ಲೇಪನದಿಂದ ಮಿರುಗುತ್ತದೆ. ಮಗುವಿನ ಕಣ್ಣಿಗೆ ಅದು ಪೆಪ್ಪರ್‌ಮಿಂಟು. ಅಮ್ಮ ದಿನವೂ ನುಂಗುವುದನ್ನು ಅದು ನೋಡಿರುತ್ತದೆ. ತಾಯಿಗೆ ಶಕ್ತಿ ಕೊಡುವ ಈ ಮಾತ್ರೆಗಳನ್ನು ಎಳೆಯ ಮಗು ಹಲವು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಮೊದಲು ವಾಂತಿ, ಹೊಟ್ಟೆನೋವು, ಭೇದಿ. ಆಮೇಲೆ ಕೆಲವು ಗಂಟೆ ಸುಧಾರಿಸಿದಂತೆ ಕಂಡು ಮತ್ತೆ ಉಲ್ಬಣಿಸಬಹುದು. ದಿಂಬಿನ ಕೆಳಗೆ, ಕಿಟಕಿಯ ಮೇಲೆ, ಕೈಚೀಲದಲ್ಲಿ ಮಾತ್ರೆ ಇಡಬೇಡಿ. ಎತ್ತರದ ಬೀರುವಿನಲ್ಲಿಟ್ಟು ಚಿಲಕ ಹಾಕಿ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಮಾತ್ರೆಯ ಹಾಳೆಯೊಡನೆ ಆಸ್ಪತ್ರೆಗೆ ಓಡಿ.

ಈ ಗಡಿಬಿಡಿಯಲ್ಲಿ ಮರೆತುಹೋಗುವುದು ಮಗುವಿನ ಲಸಿಕೆ. 16ರಿಂದ 24 ತಿಂಗಳೊಳಗೆ ಡಿಪಿಟಿ ಬೂಸ್ಟರ್, ದಡಾರ-ರುಬೆಲ್ಲಾದ ಎರಡನೇ ಲಸಿಕೆ ಆಗಬೇಕು. ಆರು ತಿಂಗಳಿಗೊಮ್ಮೆ ಎ ಜೀವಸತ್ವದ ಹನಿಯೂ ಬೇಕು. ಕಾರ್ಡು ತೆಗೆದು ಇಂದೇ ನೋಡಿ.

ರಾತ್ರೋರಾತ್ರಿ ದೊಡ್ಡವನಾಗುವುದಿಲ್ಲ

ಕೂಸು ಬಂದ ಕೂಡಲೇ ಎರಡು ವರ್ಷದ ಮಗುವಿಗೆ "ನೀನೀಗ ದೊಡ್ಡವನು" ಎಂದು ಪಟ್ಟ ಕಟ್ಟುತ್ತೇವೆ. ಅದಕ್ಕೂ ಮೊದಲೇ ನೆರೆಹೊರೆಯವರ ತಮಾಷೆ ಶುರುವಾಗಿರುತ್ತದೆ: "ತಮ್ಮ ಬಂದ ಮೇಲೆ ನಿನ್ನನ್ನು ಯಾರು ಎತ್ತಿಕೊಳ್ತಾರೋ?" ಹೇಳಿದವರಿಗೆ ಇದು ನಗೆ. ಮಗುವಿಗೆ ನಿಜ. ಆಮೇಲೆ ಬೆರಳು ಚೀಪುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಕೂಸನ್ನು ಚಿವುಟುವುದು ಕಂಡರೆ ಬಯ್ಯುತ್ತೇವೆ. ಇದು ತುಂಟತನವಲ್ಲ, ಹೆದರಿಕೆ. ಹೊಡೆದರೆ ಹೆಚ್ಚುತ್ತದೆ. ದಿನಕ್ಕೆ ಅರ್ಧ ಗಂಟೆ ತಾಯಿ ಅದಕ್ಕೇ ಮೀಸಲಾದರೆ ಇಳಿಯುತ್ತದೆ.

"ಅಮ್ಮನ ಹೊಟ್ಟೆಯಲ್ಲಿ ತಮ್ಮನೋ ತಂಗಿಯೋ?" ಎಂದು ಮಗುವಿನ ಬಾಯಿಂದ ಶಕುನ ಕೇಳುವುದನ್ನೂ ಬಿಡಿ. ಮೊದಲನೆಯದು ಹೆಣ್ಣಾದ ಮನೆಯಲ್ಲಿ ಈ ಪ್ರಶ್ನೆ ತಾಯಿಗೆ ಚೂರಿಯಂತೆ ಇರಿಯುತ್ತದೆ. ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಪತ್ತೆ ಮಾಡಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧ.

ಗಂಡಂದಿರೇ, ಇದು ನಿಮಗೆ

"ನಮ್ಮಜ್ಜಿ ಎಂಟು ಹೆತ್ತಳು, ಯಾರು ಸಹಾಯಕ್ಕಿದ್ದರು?" ಎಂದು ನೀವು ಕೇಳಬಹುದು. ಆ ಅಜ್ಜಿಯ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ನಾದಿನಿ, ಓರಗಿತ್ತಿ, ಚಿಕ್ಕತ್ತೆ ಎಂದು ಹತ್ತು ಕೈಗಳಿದ್ದವು. ಈಗಿನ ಬಾಡಿಗೆ ಮನೆಯಲ್ಲಿ ಇರುವುದು ನಾಲ್ಕೇ ಕೈ. ಅದರಲ್ಲಿ ಎರಡು ನಿಮ್ಮವು. ಹಾಗೆ ಹೆತ್ತವರಲ್ಲಿ ಎಷ್ಟು ಮಂದಿ ಉಳಿಯಲಿಲ್ಲ ಎಂಬುದನ್ನೂ ನೆನೆಯಿರಿ. 2001-03ರಲ್ಲೂ ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 301 ತಾಯಂದಿರು ಸಾಯುತ್ತಿದ್ದರು. 2019-21ರ ಹೊತ್ತಿಗೆ ಅದು 93ಕ್ಕೆ ಇಳಿಯಿತು. ಬಸುರಿ, ಬಾಣಂತಿಯರ ಆರೈಕೆ ಸುಧಾರಿಸಿದ್ದರಿಂದಲೇ ಇದು ಸಾಧ್ಯವಾಯಿತು.

ನಾನು ಕೇಳುವುದು ದೊಡ್ಡದೇನಲ್ಲ. ಐದನೇ ತಿಂಗಳಿಂದಲೇ ಮಗುವಿನ ಮೂರು ಕೆಲಸ ನಿಮ್ಮದಾಗಲಿ: ಸ್ನಾನ, ರಾತ್ರಿಯ ಊಟ, ಮಲಗಿಸುವುದು. ಹೆರಿಗೆಯ ದಿನ ಒಮ್ಮೆಲೇ ಕೈ ಬದಲಾದರೆ ಮಗು ಕೂಸಿನ ಮೇಲೆ ಮುನಿಯುತ್ತದೆ. ನಾಲ್ಕು ತಿಂಗಳು ಮೊದಲೇ ಅಪ್ಪನ ತೋಳು ರೂಢಿಯಾಗಿದ್ದರೆ ಅದಕ್ಕೆ ಏನೂ ಕಳೆದುಹೋದಂತೆ ಅನಿಸುವುದಿಲ್ಲ. ಅಂಗಡಿಯಿಂದ ತಡವಾಗಿ ಬರುವವರು ಬೆಳಗಿನ ಹೊತ್ತನ್ನು ವಹಿಸಿಕೊಳ್ಳಿ. ಕೇಂದ್ರ ಸರ್ಕಾರದ ನೌಕರರಾಗಿದ್ದರೆ 15 ದಿನಗಳ ಪಿತೃತ್ವ ರಜೆಯಿದೆ, ಅದನ್ನು ಪಡೆಯಿರಿ. ಉದ್ಯೋಗಸ್ಥ ತಾಯಂದಿರಿಗೆ 2017ರ ತಿದ್ದುಪಡಿಯಂತೆ ಎರಡನೇ ಹೆರಿಗೆಗೂ 26 ವಾರಗಳ ವೇತನ ಸಹಿತ ರಜೆಯಿದೆ. ಆ ರಜೆ ಅತಿಥಿ ಸತ್ಕಾರಕ್ಕಲ್ಲ.

ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ನಡುರಾತ್ರಿ ನೋವು ಬಂದರೆ ಮಲಗಿರುವ ಮಗುವಿನ ಬಳಿ ಯಾರಿರುತ್ತಾರೆ? ಈಗಲೇ ನಿರ್ಧರಿಸಿ. 108 ವಾಹನ, ಪಕ್ಕದ ಮನೆಯವರು, ಅಜ್ಜಿ ಬರುವ ದಿನ, ಎಲ್ಲ ಎಂಟನೇ ತಿಂಗಳಿಗೆ ಸಿದ್ಧವಿರಲಿ. ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು ಕಂಡರೆ ಒಂದು ಗಳಿಗೆಯೂ ತಡಮಾಡಬೇಡಿ. "ಮಗುವನ್ನು ಯಾರ ಹತ್ತಿರ ಬಿಡಲಿ" ಎಂದು ಇಂಥ ಲಕ್ಷಣಗಳನ್ನು ನುಂಗಿಕೊಂಡು ಮನೆಯಲ್ಲಿ ಉಳಿಯುವ ತಾಯಂದಿರಿದ್ದಾರೆ. ಆಕೆಯ ಪ್ರಾಣ ಹೋಗಬಹುದಾದದ್ದು ಆ ಒಂದು ಪ್ರಶ್ನೆಗೆ ಉತ್ತರವಿಲ್ಲದ್ದರಿಂದ.

ಮೊದಲು ಹೇಳಿದ ಆ ದಂಪತಿ ತಿಂಗಳ ನಂತರ ಮತ್ತೆ ಬಂದರು. ಮಗು ಅಪ್ಪನ ಹೆಗಲ ಮೇಲಿತ್ತು. ಆಕೆಯ ತೂಕ ಒಂದೂವರೆ ಕಿಲೋ ಏರಿತ್ತು. ರಕ್ತ ಇನ್ನೂ ಸಾಲದು, ಆದರೆ ಏರುತ್ತಿದೆ. "ಮಧ್ಯಾಹ್ನ ನಾನು ಅಂಗಡಿಗೆ ಇವನನ್ನ ಕರ್ಕೊಂಡು ಹೋಗ್ತೀನಿ, ಎರಡು ಗಂಟೆ" ಎಂದ ಆತ. ಸ್ವಲ್ಪ ತಡೆದು, "ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ" ಎಂದ.

ನಿಮ್ಮ ಮನೆಯಲ್ಲೂ ಇಂಥ ಬಸುರಿ ಇದ್ದರೆ, ಇಂದು ಮಧ್ಯಾಹ್ನ ಎರಡು ಗಂಟೆ ಮಗುವನ್ನು ಹೊರಗೆ ಕರೆದೊಯ್ಯಿರಿ. ಹೋಗುವ ಮುನ್ನ ಬಾಗಿಲು ಮುಂದೆ ಮಾಡಿ, ಆಕೆ ಮಲಗಲಿ.