ಬಾಯಿಬಿಡದ ಬೂದು ಬಟನ್

ಮಣಿಕೊಂಡದ ಅಪಾರ್ಟ್‌ಮೆಂಟುಗಳಿಂದ ಬೆಳಿಗ್ಗೆ ಗಚ್ಚಿಬೌಲಿಯ ಕಡೆ ಹೊರಡುವ ಸಾಫ್ಟ್‌ವೇರ್ ಮಂದಿಯಲ್ಲಿ ರಾಯಚೂರು, ಕಲಬುರಗಿ, ಬೀದರ್ ಸೀಮೆಯ ಕನ್ನಡಿಗರೂ ಇದ್ದಾರೆ. ಬ್ಯಾಂಕು, ವಿಮೆ, ಟಿಕೆಟ್ಟಿನ ಆನ್‌ಲೈನ್ ಫಾರಂಗಳು ತಯಾರಾಗುವುದು ಇಂಥವರ ಕೈಯಲ್ಲಿ. ಆ ಫಾರಂಗಳಲ್ಲಿ ಒಂದು ರೂಢಿ ಬೇರುಬಿಟ್ಟಿದೆ. ಎಲ್ಲವನ್ನೂ ಸರಿಯಾಗಿ ತುಂಬುವವರೆಗೆ ‘ಸಲ್ಲಿಸಿ’ ಬಟನ್ ಬೂದು ಬಣ್ಣದಲ್ಲಿ ಸತ್ತಂತೆ ಬಿದ್ದಿರುತ್ತದೆ. ನೋಡಲು ಅಚ್ಚುಕಟ್ಟು, ಆದರೂ ಕೈಬಿಡಬೇಕಾದ ರೂಢಿ.

ಎಚ್‌ಟಿಎಂಎಲ್‌ನಲ್ಲಿ ‘ಡಿಸೇಬಲ್ಡ್’ ಎಂದು ಬರೆದ ಕೂಡಲೇ ಆ ಬಟನ್ ಟ್ಯಾಬ್ ಕೀಲಿಯ ದಾರಿಯಿಂದ ಹೊರಬೀಳುತ್ತದೆ. ಸ್ಕ್ರೀನ್ ರೀಡರ್ ಕೇಳಿಸಿಕೊಳ್ಳುತ್ತ, ಟ್ಯಾಬ್ ಒತ್ತುತ್ತ ಸಾಗುವ ಅಂಧರಿಗೆ ಅದು ಎದುರಾಗುವುದೇ ಇಲ್ಲ. (ಬಾಣದ ಕೀಲಿಗಳಿಂದ ತಡಕಿದರೆ ಸಿಕ್ಕೀತು. ಇದೆಯೆಂದೇ ಗೊತ್ತಿಲ್ಲದ್ದನ್ನು ಯಾರು ತಡಕುತ್ತಾರೆ?) ಮಂದದೃಷ್ಟಿಯವರ ಪಾಡು ಇನ್ನೂ ವಿಚಿತ್ರ. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ 4.5:1 ವ್ಯತ್ಯಾಸ ಕೇಳುವ ಡಬ್ಲ್ಯುಸಿಎಜಿ ಮಾರ್ಗಸೂಚಿಯೇ ನಿಷ್ಕ್ರಿಯ ಬಟನ್‌ಗೆ ವಿನಾಯಿತಿ ಕೊಟ್ಟಿದೆ. ಓದಲಾಗದ ಬಟನ್ ಕೂಡ ತಪಾಸಣೆಯಲ್ಲಿ ಪಾಸು! ಕಣ್ಣು ಚೆನ್ನಾಗಿರುವವರೂ ಪ್ಯಾನ್ ಸಂಖ್ಯೆ ತಪ್ಪಿದೆಯೋ ಪಿನ್‌ಕೋಡ್ ಬಿಟ್ಟಿದೆಯೋ ತಿಳಿಯದೆ ಮೇಲೆ ಕೆಳಗೆ ಹುಡುಕುತ್ತಾರೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಮತ್ತಿತರರ ಹಾಗೂ ದೃಷ್ಟಿಹೀನರಾದ ಅಮರ್ ಜೈನ್ ಅವರ ಅರ್ಜಿಗಳಲ್ಲಿ, ಡಿಜಿಟಲ್ ಸೇವೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದಿತು. ಕೆವೈಸಿ ಸುಧಾರಣೆಗೆ 20 ನಿರ್ದೇಶನಗಳನ್ನೂ ಕೊಟ್ಟಿತು. ಅಲ್ಲಿದ್ದ ತಕರಾರು ಕಣ್ಣು ಮಿಟುಕಿಸಬೇಕೆಂಬ ಪರೀಕ್ಷೆಯಂಥವು. ಆದರೆ ಆ ಪರೀಕ್ಷೆ ದಾಟಿಯೂ ಕೊನೆಯ ಬಟನ್ ಸಿಗದಿದ್ದರೆ ಖಾತೆ ತೆರೆಯದು.

ಬಟನ್ ಸದಾ ಒತ್ತುವಂತಿರಲಿ. ಒತ್ತಿದಾಗ ತಪ್ಪಿದ ಜಾಗಕ್ಕೇ ಕರೆದೊಯ್ದು ಕಾರಣ ಹೇಳಲಿ. ತಪ್ಪು ಮಾಹಿತಿ ಸರ್ವರ್‌ಗೆ ಹೋದೀತೆಂಬ ಆಕ್ಷೇಪಕ್ಕೆ ಬೆಲೆಯಿಲ್ಲ. ಸರ್ವರ್ ಹೇಗಿದ್ದರೂ ಪರೀಕ್ಷಿಸಲೇಬೇಕು. ಹಣ ಕಟ್ಟುವಾಗ ಎರಡು ಸಲ ಒತ್ತಿಬಿಡುವ ಭಯ ಮಾತ್ರ ನಿಜ. ಅದಕ್ಕೆ ‘ಏರಿಯಾ-ಡಿಸೇಬಲ್ಡ್’ ಇದೆ: ಬಟನ್ ಟ್ಯಾಬ್‌ಗೆ ಸಿಗುತ್ತದೆ, ಸದ್ಯಕ್ಕೆ ನಡೆಯದು ಎಂಬುದನ್ನು ಸ್ಕ್ರೀನ್ ರೀಡರ್ ತಿಳಿಸುತ್ತದೆ. ಎರಡನೆಯ ಒತ್ತನ್ನು ಅದು ತಾನಾಗಿ ತಡೆಯದು, ಕೋಡ್ ಬರೆಯುವವರೇ ತಡೆಯಬೇಕು. ತಿದ್ದಬಾರದ, ಆದರೆ ಓದಿ ಖಚಿತಪಡಿಸಿಕೊಳ್ಳಬೇಕಾದ ಖಾತೆ ಸಂಖ್ಯೆಗೆ ‘ರೀಡ್‌ಓನ್ಲಿ’ ಸಾಕು.

ಎನ್‌ವಿಡಿಎ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಫಾರಂ ಬಿಡುಗಡೆಗೆ ಮುನ್ನ ತಂಡದಲ್ಲೊಬ್ಬರು ಮೌಸ್ ಬದಿಗಿಟ್ಟು, ಪರದೆ ಆರಿಸಿ, ಬೇಕೆಂದೇ ಪಿನ್‌ಕೋಡ್ ಖಾಲಿ ಬಿಟ್ಟು, ಅದನ್ನು ಸಲ್ಲಿಸಲು ಹೊರಟು ನೋಡಲಿ.