ಷಾರ್ಕಿನ ದವಡೆಯ ಪರೀಕ್ಷೆ

ಕಡಲತೀರದ ಅಂಗಡಿಗಳಲ್ಲಿ ತೂಗುಹಾಕಿದ ಷಾರ್ಕಿನ ದವಡೆಯನ್ನು ವಾಚಕರಲ್ಲನೇಕರು ಕಂಡಿರಬಹುದು. (ಸಂಸ್ಕೃತದ ಮಕರಶಬ್ದವು ಮೊಸಳೆಗೂ ಸಲ್ಲುವುದರಿಂದ ನಾವು ಪರಭಾಷೆಯ ಹೆಸರನ್ನೇ ಉಳಿಸಿಕೊಂಡಿದ್ದೇವೆ.) ಅದರ ಜಾತಿಯನ್ನು ಮಾರುವವನ ಮಾತಿನಿಂದ ನಿಶ್ಚಯಿಸಲಾಗದು, ದವಡೆಯ ಆಕಾರವೂ ನಂಬತಕ್ಕುದಲ್ಲ. ಅದು ಎಲುಬಲ್ಲ, ಮೃದ್ವಸ್ಥಿ. ಒಣಗುವಾಗ ಕುಗ್ಗಿ ಸೊಟ್ಟಗಾಗುತ್ತದೆ. ಹಲ್ಲುಗಳೇ ಪ್ರಮಾಣ.

ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಮೊದಲು ಹೋಲಿಸತಕ್ಕುದು. ಎರಡರಲ್ಲಿಯೂ ಹಲ್ಲುಗಳು ಒಂದೇ ತೆರನಾಗಿ, ಕೋಳಿಯ ಜುಟ್ಟಿನಂತೆ ಪಕ್ಕಕ್ಕೆ ಬಾಗಿ, ಗರಗಸದಂಚುಳ್ಳವಾಗಿದ್ದರೆ ಅದು ಹುಲಿಷಾರ್ಕು. ನೀಳವಾಗಿ ಅಂಚು ನುಣುಪಾಗಿದ್ದರೆ ಮಾಕೋ ಜಾತಿಯನ್ನು ನೆನೆಯಬೇಕು. ಮೇಲೆ ಗರಗಸದಂಚಿನ ಅಗಲವಾದ ತ್ರಿಕೋನ, ಕೆಳಗೆ ಕಿರಿದಾದ ಹಲ್ಲು ಎಂದಾದರೆ ಅವಸರ ಕೂಡದು. ಬಿಳಿಯ ಷಾರ್ಕಿಗೂ ಗೂಳಿಷಾರ್ಕಿಗೂ ಗಂಗಾಷಾರ್ಕಿಗೂ ಈ ಲಕ್ಷಣವುಂಟು. ಬಿಳಿಯದರ ಗರಗಸವು ಒರಟಾದುದು. ಅದನ್ನು ಹೇಗಾದರೂ ಬೇರ್ಪಡಿಸಬಹುದು.

ತೊಡಕಿರುವುದು ಉಳಿದೆರಡರಲ್ಲಿ. 1839ರಲ್ಲಿ ಮ್ಯುಲ್ಲರ್, ಹೆನ್ಲೆ ಎಂಬ ಜರ್ಮನ್ ಪಂಡಿತರು ವರ್ಣಿಸಿದ ಗಂಗಾಷಾರ್ಕು ಅತಿವಿರಳವಾದುದು. 2001ರಿಂದ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಗೂಳಿಷಾರ್ಕಾದರೋ ಅದಕ್ಕಿಂತ ಎಷ್ಟೋ ಸಾಮಾನ್ಯವಾದುದು, ಅದೂ ಸಿಹಿನೀರಿನ ನದಿಗಳಿಗೆ ಏರಿಬರುವಂಥದು. ಮೇಲ್ದವಡೆಯನ್ನಷ್ಟೇ ನೋಡಿ ಒಂದನ್ನು ಇನ್ನೊಂದೆಂದು ಬರೆದಿಟ್ಟರೆ ಅಳಿವಿನಂಚಿನಲ್ಲಿರುವ ಜಾತಿಯ ಲೆಕ್ಕವೇ ಕೆಡುತ್ತದೆ. ಆದುದರಿಂದ ಮಸೂರವನ್ನು ಹಿಡಿದು ಕೆಳದವಡೆಯ ಮುಂದಿನ ಹಲ್ಲುಗಳನ್ನು ನೋಡಬೇಕು. ಗಂಗಾಷಾರ್ಕಿನಲ್ಲಿ ಅವು ನೀಳವಾಗಿ, ಕೊಕ್ಕೆಯಂತೆ ಬಾಗಿ, ಬುಡದಲ್ಲಿ ಕಿರಿಯ ಮೊನೆಗಳನ್ನು ಹೊಂದಿರುತ್ತವೆ.

ದವಡೆಯನ್ನು ಮುರಿದು ಹಲ್ಲುಗಳನ್ನು ಬಿಡಿಬಿಡಿಯಾಗಿ ಮಾರುವವರ ಮೇಲೆ ನಮಗೆ ಕೋಪವಿರುವುದು ಇದಕ್ಕಾಗಿಯೇ. ಆಗ ಹಲ್ಲು ಮೇಲಿನದೋ ಕೆಳಗಿನದೋ ಎಂಬುದೇ ಮೊದಲನೆಯ ವಿವಾದವಾಗಿ ನಿಲ್ಲುತ್ತದೆ.