ವಿಮಾನದ ಹೊತ್ತು, ಪ್ರಯಾಣಿಕರ ಹೊತ್ತು

ಮ್ಯಾಡ್ರಿಡ್‌ನ ಬರಾಹಾಸ್ ವಿಮಾನ ನಿಲ್ದಾಣದಿಂದ ಬಾರ್ಸಿಲೋನಾದ ಎಲ್ ಪ್ರಾಟ್‌ಗೆ ಆಕಾಶಮಾರ್ಗದಲ್ಲಿ ಸುಮಾರು 480 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಅದೇ ಎರಡು ಊರುಗಳ ನಡುವಿನ ವೇಗದ ರೈಲುಹಾದಿ 621 ಕಿ.ಮೀ.; ಎಲ್ಲೂ ನಿಲ್ಲದ ರೈಲಿಗೆ ಎರಡೂವರೆ ಗಂಟೆ ಬೇಕು. ಅಂಕಿಗಳನ್ನಷ್ಟೇ ನೋಡಿದರೆ ವಿಮಾನಕ್ಕೆ ಅರ್ಧ ಹೊತ್ತು ಸಾಕು. ಆದರೂ 2008ರಲ್ಲಿ ಈ ಹಾದಿ ಪೂರ್ಣಗೊಂಡ ಮೇಲೆ ಜನ ದೊಡ್ಡ ಸಂಖ್ಯೆಯಲ್ಲಿ ವಿಮಾನ ಬಿಟ್ಟು ರೈಲು ಹತ್ತಿದರು. 1974ರಿಂದ ಐಬೀರಿಯಾ ಸಂಸ್ಥೆ ‘ವಾಯುಸೇತುವೆ’ ಎಂಬ ಹೆಸರಿನಲ್ಲೇ ವಿಮಾನ ಹಾರಿಸುತ್ತಿದ್ದ ಮಾರ್ಗವಿದು. ಅಲ್ಲಿ ಯಾವ ನಿಷೇಧವೂ ಇರಲಿಲ್ಲ.

ಕಾರಣ ಸರಳ. ಟಿಕೆಟಿನ ಮೇಲಿರುವ ಒಂದೂಕಾಲು ಗಂಟೆ ವಿಮಾನದ ಹೊತ್ತು, ಪ್ರಯಾಣಿಕರದ್ದಲ್ಲ. ವಿಮಾನ ಒಂದು ಗೇಟು ಬಿಟ್ಟು ಇನ್ನೊಂದು ಗೇಟು ಸೇರುವವರೆಗಿನ ಲೆಕ್ಕ ಅದು. ಮದುವೆಗೆ ಎಷ್ಟು ಹೊತ್ತು ಬೇಕು ಎಂದರೆ ತಾಳಿ ಕಟ್ಟುವಷ್ಟು ಎಂದ ಹಾಗೆ! ಊರೊಳಗಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಒಂದು ಗಂಟೆ, ಇಳಿದು ಹೊರಬಂದು ಮತ್ತೆ ಊರು ಸೇರಲು ಮುಕ್ಕಾಲು ಗಂಟೆ ಎಂದುಕೊಂಡರೂ ಒಟ್ಟು ಮೂರೂವರೆ ಗಂಟೆಯಾಯಿತು. ಮ್ಯಾಡ್ರಿಡ್‌ನ ಆಟೋಚಾ, ಬಾರ್ಸಿಲೋನಾದ ಸಾಂಟ್ಸ್ ರೈಲು ನಿಲ್ದಾಣಗಳು ಊರೊಳಗೇ ಇವೆ. ಅಲ್ಲೂ ಬ್ಯಾಗುಗಳನ್ನು ಸ್ಕ್ಯಾನ್ ಮಾಡುತ್ತಾರೆ, ಆದರೆ ಅದು ಸಾಮಾನ್ಯವಾಗಿ ನಿಮಿಷಗಳ ಕೆಲಸ. ಜೊತೆಗೆ ರೈಲಿನ ಎರಡೂವರೆ ಗಂಟೆ ಇಡಿಯಾಗಿ ಸಿಗುತ್ತದೆ: ಓದಬಹುದು, ನಿದ್ದೆ ಮಾಡಬಹುದು. ವಿಮಾನದ ಮೂರೂವರೆ ಗಂಟೆ ಸರತಿ ಸಾಲುಗಳಲ್ಲಿ ಚೂರುಚೂರಾಗಿ ಹೋಗುತ್ತದೆ.

ಪಕ್ಕದ ಫ್ರಾನ್ಸ್ ಕಾನೂನಿನ ದಾರಿ ಹಿಡಿಯಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಊರುಗಳ ನಡುವೆ ವಿಮಾನ ಬೇಡ ಎಂಬ ನಿಯಮ 2023ರ ಮೇನಲ್ಲಿ ಜಾರಿಯಾಯಿತು. ಅದು ತಟ್ಟಿದ್ದು ಮೂರೇ ಮಾರ್ಗಗಳಿಗೆ: ಪ್ಯಾರಿಸ್‌ನ ಒರ್ಲಿಯಿಂದ ಲಿಯೋನ್, ನಾಂಟ್ ಮತ್ತು ಬೋರ್ಡೋ. ಆ ಹಾರಾಟಗಳು ಏರ್ ಫ್ರಾನ್ಸ್‌ಗೆ ಸರ್ಕಾರ ಕೊಟ್ಟ ನೆರವಿನ ಷರತ್ತಿನಿಂದಾಗಿ 2020ರಲ್ಲೇ ನಿಂತಿದ್ದವು. ಚೀಟಿ ಎತ್ತಿ ಆರಿಸಿದ 150 ನಾಗರಿಕರ ಸಭೆ ಸೂಚಿಸಿದ್ದ ಮಿತಿ ನಾಲ್ಕು ಗಂಟೆ. ಸರ್ಕಾರ ಅದನ್ನು ಎರಡೂವರೆಗೆ ಇಳಿಸಿತು.

ನನ್ನ ಪ್ರಕಾರ ನಾಗರಿಕರ ಲೆಕ್ಕವೇ ಸರಿ. ಮನೆಯಿಂದ ಮನೆಗೆ ಅಳೆದರೆ ನಾಲ್ಕು ಗಂಟೆಯ ರೈಲಿಗೂ ಒಂದೂಕಾಲು ಗಂಟೆಯ ವಿಮಾನಕ್ಕೂ ದೊಡ್ಡ ಅಂತರವಿಲ್ಲ. ಹಾರಾಟ ಚಿಕ್ಕದಾದಷ್ಟೂ ನೆಲದ ಮೇಲೆ ಕಳೆಯುವ ಹೊತ್ತಿನ ಪಾಲು ಹೆಚ್ಚುತ್ತದೆ. ಮೇಲೇರಲು ಸುಡುವ ಇಂಧನದ ಪಾಲೂ ಅಷ್ಟೇ.

ಎಲ್ಲರಿಗೂ ಈ ಮಾತು ಒಪ್ಪುವುದಿಲ್ಲ, ನಿಜ. ಬರಾಹಾಸ್‌ನಲ್ಲಿ ವಿಮಾನ ಬದಲಿಸಿ ದಕ್ಷಿಣ ಅಮೆರಿಕಕ್ಕೆ ಹೋಗುವವರಿಗೆ ಆಟೋಚಾ ನಿಲ್ದಾಣದಿಂದ ಪ್ರಯೋಜನವಿಲ್ಲ. ಮಯೋರ್ಕಾ ದ್ವೀಪದವರಿಗೆ ಮುಖ್ಯಭೂಮಿಗೆ ಬರಲು ಹಳಿಯೇ ಇಲ್ಲ. ಅಂಥವರ ವಿಮಾನ ಕಿತ್ತುಕೊಳ್ಳುವುದು ಅನ್ಯಾಯ. ಟಿಕೆಟ್ ದರವೂ ಮುಖ್ಯ. 2021ರಲ್ಲಿ ವೀಗೋ, 2022ರಲ್ಲಿ ಇರಿಯೋ ರೈಲುಗಳು ಪೈಪೋಟಿಗೆ ಇಳಿದ ಮೇಲೆಯೇ ಮ್ಯಾಡ್ರಿಡ್–ಬಾರ್ಸಿಲೋನಾ ದರ ಸಾಮಾನ್ಯರ ಕೈಗೆಟುಕುವಂತಾದದ್ದು. ಹಳಿ ಹಾಕದೆ, ದರ ಇಳಿಸದೆ ಹೇರುವ ನಿಷೇಧ ಬರೀ ತೋರಿಕೆ.

ನಮ್ಮಲ್ಲೂ ಮುಂಬೈ–ಅಹಮದಾಬಾದ್ ನಡುವೆ 508 ಕಿ.ಮೀ. ವೇಗದ ಹಾದಿ ಕಟ್ಟಲಾಗುತ್ತಿದೆ. ಅದರ ಗರಿಷ್ಠ ವೇಗದ ಬಗ್ಗೆ ಬೇಕಾದಷ್ಟು ಮಾತಾಡಿಯಾಗಿದೆ. ಈಗ ಕೇಳಬೇಕಾದ ಪ್ರಶ್ನೆಗಳು ಬೇರೆ: ನಿಲ್ದಾಣ ಮನೆಯಿಂದ ಎಷ್ಟು ದೂರ, ಟಿಕೆಟಿಗೆ ಎಷ್ಟು ದುಡ್ಡು, ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು?